ಸಹಿ ಬಿದ್ದ ಮೇಲೆ ಬಂದ ಮಾತು: ಜಾರ್ಜಿಯಾದ ಮತದಾನ ಕಾನೂನು ಮತ್ತು ಕಂಪನಿಗಳ ರಾಜಕೀಯ

ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಬ್ರಯಾನ್ ಕೆಂಪ್ 2021ರ ಮಾರ್ಚ್ 25ರಂದು ‘ಸೆನೆಟ್ ಮಸೂದೆ 202’ಕ್ಕೆ ಸಹಿ ಹಾಕಿದರು. ಚುನಾವಣೆ ನಡೆಸುವ ರೀತಿಯನ್ನು ಹಲವು ಕಡೆ ಬದಲಿಸುವ ಕಾನೂನು ಅದು. ಆರು ದಿನ ಕಳೆದು, ಮಾರ್ಚ್ 31ರಂದು, ಅಟ್ಲಾಂಟಾದಲ್ಲಿ ಕೇಂದ್ರ ಕಚೇರಿ ಇರುವ ಎರಡು ದೊಡ್ಡ ಕಂಪನಿಗಳ ಮುಖ್ಯಸ್ಥರು, ಡೆಲ್ಟಾ ಏರ್‌ಲೈನ್ಸ್‌ನ ಎಡ್ ಬ್ಯಾಸ್ಟಿಯನ್ ಮತ್ತು ಕೋಕಾ-ಕೋಲಾದ ಜೇಮ್ಸ್ ಕ್ವಿನ್ಸಿ, ಈ ಕಾನೂನನ್ನು ಒಪ್ಪಲಾಗದು ಎಂದು ಬಹಿರಂಗವಾಗಿ ಹೇಳಿದರು. ಅಷ್ಟರಲ್ಲಿ ಮಸೂದೆ ಕಾನೂನಾಗಿತ್ತು, ಆ ವರ್ಷದ ಅಧಿವೇಶನ ತನ್ನ ಕೊನೆಯ ದಿನಕ್ಕೆ ಬಂದಿತ್ತು. ಈ ಪ್ರಕರಣವನ್ನು ಸಾಮಾನ್ಯವಾಗಿ ‘ಕಂಪನಿಗಳು ರಾಜಕೀಯಕ್ಕೆ ಇಳಿದ ಕಥೆ’ ಎಂದು ಹೇಳಲಾಗುತ್ತದೆ. ಹಾಗೆ ಹೇಳಿದಾಗ ಮುಖ್ಯ ಸಂಗತಿಯೇ ಕೈತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಆ ಕಂಪನಿಗಳು ಮಾರ್ಚ್ 31ಕ್ಕೂ ಬಹಳ ಮೊದಲೇ ರಾಜಕೀಯದೊಳಗೆ ಇದ್ದವು; ಅಂದು ಹೊಸದಾಗಿ ಆದದ್ದೆಂದರೆ ಅವುಗಳ ಮಾತು ಹೊರಗಿನವರಿಗೂ ಕೇಳಿಸಿತು, ಅಷ್ಟೆ.

ಕಾನೂನಿನ ಹಿನ್ನೆಲೆ

2020ರ ನವೆಂಬರ್ ಚುನಾವಣೆಯಲ್ಲಿ ಜೋ ಬೈಡನ್ ಜಾರ್ಜಿಯಾವನ್ನು 11,779 ಮತಗಳ ಅಂತರದಿಂದ ಗೆದ್ದರು. 1992ರ ನಂತರ ಆ ರಾಜ್ಯದಲ್ಲಿ ಗೆದ್ದ ಮೊದಲ ಡೆಮಾಕ್ರಟಿಕ್ ಅಧ್ಯಕ್ಷೀಯ ಅಭ್ಯರ್ಥಿ ಅವರು. ಮತಗಳನ್ನು ಮರುಎಣಿಕೆ ಮಾಡಿದರೂ ಫಲಿತಾಂಶ ಬದಲಾಗಲಿಲ್ಲ. 2021ರ ಜನವರಿ 2ರಂದು ಡೊನಾಲ್ಡ್ ಟ್ರಂಪ್ ರಾಜ್ಯದ ಚುನಾವಣಾ ಮುಖ್ಯಸ್ಥರಾದ ಬ್ರ್ಯಾಡ್ ರಾಫೆನ್ಸ್‌ಪರ್ಗರ್ ಅವರಿಗೆ ಫೋನ್ ಮಾಡಿ, ತಮಗೆ 11,780 ಮತಗಳನ್ನು ‘ಹುಡುಕಿಕೊಡಿ’ ಎಂದು ಒತ್ತಾಯಿಸಿದ್ದು ಧ್ವನಿಮುದ್ರಣದ ಮೂಲಕ ಜಗಜ್ಜಾಹೀರಾಯಿತು. ಮೂರು ದಿನಗಳ ನಂತರ ನಡೆದ ಎರಡನೇ ಸುತ್ತಿನ ಮತದಾನದಲ್ಲಿ ರಾಫೆಲ್ ವಾರ್ನಾಕ್ ಮತ್ತು ಜಾನ್ ಆಸಾಫ್ ಗೆದ್ದು, ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ರಾಜ್ಯಕ್ಕಿರುವ ಎರಡೂ ಸ್ಥಾನಗಳು ಡೆಮಾಕ್ರಟಿಕ್ ಪಕ್ಷದ ಪಾಲಾದವು. ಜನವರಿ 6ರಂದು ವಾಷಿಂಗ್ಟನ್‌ನ ಸಂಸತ್ ಭವನದ ಮೇಲೆ ದಾಳಿ ನಡೆಯಿತು.

ಚುನಾವಣೆಯ ಮೇಲೆ ಜನರ ವಿಶ್ವಾಸ ಕುಸಿದಿದೆ, ಅದನ್ನು ಮತ್ತೆ ಗಳಿಸಬೇಕು ಎಂಬುದು ರಿಪಬ್ಲಿಕನ್ ಶಾಸಕರು ಕೊಟ್ಟ ಕಾರಣ. ಆ ವಿಶ್ವಾಸ ಕುಸಿದದ್ದೇ ಸುಳ್ಳು ಆರೋಪಗಳಿಂದ ಎಂಬುದು ವಿರೋಧಿಗಳ ಉತ್ತರ. ಸೆನೆಟ್ ಮಸೂದೆ 202 ಮೊದಲಿಗೆ ಎರಡೇ ಪುಟದ, ಯಾರ ಗಮನಕ್ಕೂ ಬಾರದ ಮಸೂದೆಯಾಗಿತ್ತು. ಮಾರ್ಚ್ ಮಧ್ಯದಲ್ಲಿ ಕೆಳಮನೆಯ ಸಮಿತಿಯಲ್ಲಿ ಅದು ತೊಂಬತ್ತಕ್ಕೂ ಹೆಚ್ಚು ಪುಟಗಳಷ್ಟು ಬೆಳೆಯಿತು. ಅದಕ್ಕೂ ಮೊದಲು ಚರ್ಚೆಯಲ್ಲಿದ್ದ ಬೇರೆ ಮಸೂದೆಗಳು ಇನ್ನೂ ಕಠಿಣವಾಗಿದ್ದವು. ಕಾರಣ ಕೊಡದೆ ಅಂಚೆ ಮತ ಕೇಳುವ ಹಕ್ಕನ್ನೇ ಬಹುಪಾಲು ಮತದಾರರಿಂದ ಕಿತ್ತುಕೊಳ್ಳುವ ಪ್ರಸ್ತಾವ ರಾಜ್ಯದ ಮೇಲ್ಮನೆಯಾದ ಸೆನೆಟ್‌ನಲ್ಲಿ ಮಾರ್ಚ್ 8ರಂದು ಅಂಗೀಕಾರವಾಗಿತ್ತು. ಭಾನುವಾರದ ಮುಂಗಡ ಮತದಾನವನ್ನು ಮೊಟಕುಗೊಳಿಸುವ ಪ್ರಸ್ತಾವ ಕೆಳಮನೆಯಲ್ಲಿ ಅಂಗೀಕಾರವಾಗಿತ್ತು. ಕಪ್ಪು ಜನರ ಚರ್ಚುಗಳಲ್ಲಿ ಭಾನುವಾರದ ಪ್ರಾರ್ಥನೆ ಮುಗಿಸಿ ಒಟ್ಟಾಗಿ ಮತಗಟ್ಟೆಗೆ ಹೋಗುವ ರೂಢಿ ಇರುವುದರಿಂದ, ಆ ಪ್ರಸ್ತಾವ ಯಾರಿಗೆ ತಟ್ಟುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಈ ಎರಡು ಅಂಶಗಳು ಅಂತಿಮ ಕಾನೂನಿನಲ್ಲಿ ಇರಲಿಲ್ಲ. ಕಡ್ಡಾಯ ಮುಂಗಡ ಮತದಾನಕ್ಕೆ ಇನ್ನೊಂದು ಶನಿವಾರ ಸೇರಿತು; ಅದು ಮತದಾರರಿಗೆ ಅನುಕೂಲವೇ. ಉಳಿದ ಅಂಶಗಳು ಹೀಗಿದ್ದವು: ಅಂಚೆ ಮತಕ್ಕೆ ಸಹಿ ಹೋಲಿಕೆಯ ಬದಲು ಗುರುತಿನ ಚೀಟಿಯ ಸಂಖ್ಯೆ ಬೇಕಾಯಿತು, ಅರ್ಜಿ ಸಲ್ಲಿಸುವ ಅವಧಿ ಅರ್ಧಕ್ಕಿಂತ ಕಡಿಮೆಯಾಯಿತು, ಮತಪತ್ರ ಹಾಕುವ ಡ್ರಾಪ್ ಬಾಕ್ಸ್‌ಗಳನ್ನು ಮುಂಗಡ ಮತದಾನ ಕೇಂದ್ರಗಳ ಒಳಗೆ, ಕೇಂದ್ರ ತೆರೆದಿರುವ ಹೊತ್ತಿಗೆ ಮಾತ್ರ ಸೀಮಿತಗೊಳಿಸಲಾಯಿತು, ಎರಡನೇ ಸುತ್ತಿನ ಮತದಾನ ಒಂಬತ್ತು ವಾರಗಳ ಬದಲು ನಾಲ್ಕೇ ವಾರಗಳಲ್ಲಿ ನಡೆಯಬೇಕಾಯಿತು, ರಾಜ್ಯ ಚುನಾವಣಾ ಮಂಡಳಿಯ ಅಧ್ಯಕ್ಷ ಸ್ಥಾನದಿಂದ ರಾಫೆನ್ಸ್‌ಪರ್ಗರ್ ಹುದ್ದೆಯನ್ನು ಕೈಬಿಡಲಾಯಿತು, ಆ ಮಂಡಳಿಗೆ ಜಿಲ್ಲಾ ಮಟ್ಟದ ಚುನಾವಣಾಧಿಕಾರಿಗಳನ್ನು ಅಮಾನತು ಮಾಡುವ ಅಧಿಕಾರ ಸಿಕ್ಕಿತು. ಮತಗಟ್ಟೆಯ ಮುಂದೆ ಸರದಿಯಲ್ಲಿ ನಿಂತವರಿಗೆ ಬೇರೆಯವರು ಆಹಾರ ಅಥವಾ ನೀರು ಕೊಡುವುದು ಅಪರಾಧವಾಯಿತು. ಜನರ ಮನಸ್ಸಿನಲ್ಲಿ ಹೆಚ್ಚು ಉಳಿದದ್ದು ಈ ಕೊನೆಯ ಅಂಶ. ಆದರೆ ಚುನಾವಣಾ ಮಂಡಳಿಗೆ ಸಂಬಂಧಿಸಿದ ಬದಲಾವಣೆ ಅದಕ್ಕಿಂತ ಹೆಚ್ಚು ತೂಕದ್ದು ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಸೋತವರ ಒತ್ತಡಕ್ಕೆ ಮಣಿಯದ ಅಧಿಕಾರಿಯ ಹುದ್ದೆಯನ್ನೇ ಅದು ಬದಿಗೆ ಸರಿಸಿತು.

ಆರು ದಿನಗಳು

ಮಾರ್ಚ್ ತಿಂಗಳ ಆರಂಭದಿಂದಲೇ ಮತದಾನದ ಹಕ್ಕಿಗಾಗಿ ಕೆಲಸ ಮಾಡುವ ಸಂಘಟನೆಗಳು ಅಟ್ಲಾಂಟಾದ ದೊಡ್ಡ ಕಂಪನಿಗಳ ಮೇಲೆ ಒತ್ತಡ ಹಾಕುತ್ತಿದ್ದವು. ಡೆಲ್ಟಾ, ಕೋಕಾ-ಕೋಲಾ, ಹೋಮ್ ಡಿಪೋ, ಯುಪಿಎಸ್‌ನಂಥ ಕಂಪನಿಗಳ ಮಾತು ಶಾಸನಸಭೆಯಲ್ಲಿ ನಡೆಯುತ್ತದೆ ಎಂಬುದು ಅವರಿಗೆ ತಿಳಿದಿತ್ತು. ಕಂಪನಿಗಳು ಪೂರ್ತಿ ಮೌನವಾಗಿರಲಿಲ್ಲ. ರಾಜ್ಯದ ವಾಣಿಜ್ಯ ಮಂಡಳಿ ಅಂಚೆ ಮತದ ಹಕ್ಕನ್ನು ರದ್ದುಪಡಿಸುವ ಪ್ರಸ್ತಾವಕ್ಕೆ ಆತಂಕ ವ್ಯಕ್ತಪಡಿಸಿತು. ಕಂಪನಿಗಳ ಪ್ರತಿನಿಧಿಗಳು ಶಾಸಕರೊಂದಿಗೆ ಮಾತನಾಡಿದರು. ಆದರೆ ಸಾರ್ವಜನಿಕವಾಗಿ ಹೇಳಿದ್ದೆಲ್ಲ ‘ಚುನಾವಣೆ ಮುಕ್ತವಾಗಿರಬೇಕು, ಸುರಕ್ಷಿತವಾಗಿರಬೇಕು’ ಎಂಬ, ಮಸೂದೆಯ ಪರ ಇರುವವರೂ ವಿರೋಧ ಇರುವವರೂ ಒಟ್ಟಿಗೆ ತಲೆದೂಗಬಹುದಾದ ಮಾತುಗಳು. ಜಾರ್ಜಿಯಾದಲ್ಲಿ ಐನೂರಕ್ಕೂ ಹೆಚ್ಚು ಚರ್ಚುಗಳ ಹೊಣೆ ಹೊತ್ತ ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೋಪಲ್ ಚರ್ಚಿನ ಬಿಷಪ್ ರೆಜಿನಾಲ್ಡ್ ಜಾಕ್ಸನ್ ಕೋಕಾ-ಕೋಲಾ ಬಹಿಷ್ಕಾರಕ್ಕೆ ಕರೆ ಕೊಟ್ಟರು.

ಸಹಿಯ ಮರುದಿನ ಡೆಲ್ಟಾ ಒಂದು ಹೇಳಿಕೆ ಕೊಟ್ಟಿತು. ಶಾಸಕಾಂಗದ ಪ್ರಕ್ರಿಯೆಯಲ್ಲಿ ಮಸೂದೆ ಬಹಳಷ್ಟು ಸುಧಾರಿಸಿದೆ, ವಾರಾಂತ್ಯದ ಮತದಾನ ವಿಸ್ತರಣೆಯಾಗಿದೆ ಎಂಬುದು ಅದರ ಧಾಟಿ. ಬ್ಯಾಸ್ಟಿಯನ್ ಅವರ ದೃಷ್ಟಿಯಿಂದ ನೋಡಿದರೆ ಅದು ಸುಳ್ಳೇನೂ ಆಗಿರಲಿಲ್ಲ. ಮೊದಲಿನ ಕರಡುಗಳಿಗೆ ಹೋಲಿಸಿದರೆ ಅಂತಿಮ ರೂಪ ನಿಜಕ್ಕೂ ಮೃದುವಾಗಿತ್ತು. ಆದರೆ ಮಸೂದೆ ಅಂಗೀಕಾರವಾದ ದಿನ ಗವರ್ನರ್ ಕಚೇರಿಯ ಬಾಗಿಲು ತಟ್ಟಿದ್ದಕ್ಕಾಗಿ ಶಾಸಕಿ ಪಾರ್ಕ್ ಕ್ಯಾನನ್ ಅವರನ್ನು ಪೊಲೀಸರು ಬಂಧಿಸಿ ಕರೆದೊಯ್ದ ದೃಶ್ಯವನ್ನು ದೇಶವೆಲ್ಲ ನೋಡಿದ ಮರುದಿನ, ಹೊರಗಿನವರಿಗೆ ಆ ಹೇಳಿಕೆ ಕಾನೂನಿಗೆ ಕೊಟ್ಟ ಮೆಚ್ಚುಗೆ ಪತ್ರದಂತೆ ಕೇಳಿಸಿತು. ಡೆಲ್ಟಾವನ್ನು ಬಹಿಷ್ಕರಿಸಿ ಎಂಬ ಕೂಗು ಸಾಮಾಜಿಕ ಜಾಲತಾಣಗಳಲ್ಲಿ ಎದ್ದಿತು.

ಮಾರ್ಚ್ 31ರ ಬೆಳಿಗ್ಗೆ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ 72 ಮಂದಿ ಕಪ್ಪು ಉದ್ಯಮ ಮುಖಂಡರ ಬಹಿರಂಗ ಪತ್ರ ಪ್ರಕಟವಾಯಿತು. ಅದರ ಮುಂದಾಳುಗಳು ಅಮೆರಿಕನ್ ಎಕ್ಸ್‌ಪ್ರೆಸ್‌ನ ಮಾಜಿ ಮುಖ್ಯಸ್ಥ ಕೆನೆತ್ ಶೆನಾಲ್ಟ್ ಮತ್ತು ಆಗ ಮರ್ಕ್ ಔಷಧ ಕಂಪನಿಯ ಮುಖ್ಯಸ್ಥರಾಗಿದ್ದ ಕೆನೆತ್ ಫ್ರೇಜಿಯರ್. ಜಾರ್ಜಿಯಾ ಮಾತ್ರವಲ್ಲ, ಇನ್ನೂ ಹಲವು ರಾಜ್ಯಗಳಲ್ಲಿ ಇಂಥ ಮಸೂದೆಗಳು ಸಾಲಾಗಿ ನಿಂತಿವೆ, ಕಪ್ಪು ಜನರ ಮತದ ಪ್ರಶ್ನೆಯಲ್ಲಿ ನಡುದಾರಿ ಎಂಬುದಿಲ್ಲ ಎಂಬುದು ಅವರ ವಾದ. ಇದು ಹೊರಗಿನ ಚಳವಳಿಗಾರರ ಮಾತಾಗಿರಲಿಲ್ಲ. ಆಡಳಿತ ಮಂಡಳಿಯ ಮೇಜಿನ ಸುತ್ತ ಕೂತವರು ತಮ್ಮ ಸಮಾನರಿಗೆ ಕೇಳಿದ ಪ್ರಶ್ನೆ ಅದು. ಹಾಗಾಗಿ ಅದನ್ನು ಪಕ್ಕಕ್ಕಿಡಲು ಆಗಲಿಲ್ಲ.

ಅದೇ ದಿನ ಬ್ಯಾಸ್ಟಿಯನ್ ತಮ್ಮ ನೌಕರರಿಗೆ ಪತ್ರ ಬರೆದರು. ಮಸೂದೆಯಲ್ಲಿ ಏನಿದೆ ಎಂಬುದನ್ನು ಪೂರ್ತಿ ಅರಿತ ಮೇಲೆ, ಕಪ್ಪು ಸಮುದಾಯದ ಮುಖಂಡರು ಮತ್ತು ನೌಕರರೊಂದಿಗೆ ಮಾತನಾಡಿದ ಮೇಲೆ, ಇದು ಒಪ್ಪಲಾಗದ ಕಾನೂನು, ಡೆಲ್ಟಾದ ಮೌಲ್ಯಗಳಿಗೆ ಹೊಂದುವುದಿಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕಾಗಿದೆ ಎಂದರು. ಇಡೀ ಕಾನೂನಿನ ಸಮರ್ಥನೆ ಒಂದು ಸುಳ್ಳಿನ ಮೇಲೆ ನಿಂತಿದೆ ಎಂದೂ ಬರೆದರು. ಕ್ವಿನ್ಸಿ ಟಿವಿ ಸಂದರ್ಶನದಲ್ಲಿ ಹೆಚ್ಚುಕಡಿಮೆ ಇದೇ ಮಾತನ್ನು ಹೇಳಿ, ತಮ್ಮ ಕಂಪನಿ ಮೊದಲಿನಿಂದಲೂ ಇದನ್ನು ವಿರೋಧಿಸಿತ್ತು, ಆದರೆ ಖಾಸಗಿಯಾಗಿ ಎಂದು ಸೇರಿಸಿದರು.

ಎರಡೂ ಕಡೆಯ ಕೋಪ

ಗವರ್ನರ್ ಕೆಂಪ್ ಕೊಟ್ಟ ಉತ್ತರದಲ್ಲಿ ಒಂದು ನ್ಯಾಯವಾದ ದೂರು ಇತ್ತು. ಮಸೂದೆ ರೂಪುಗೊಳ್ಳುವಾಗ ಡೆಲ್ಟಾದೊಂದಿಗೆ ತಮ್ಮ ಕಚೇರಿ ನಡೆಸಿದ ಮಾತುಕತೆಗೂ ಈ ಹೇಳಿಕೆಗೂ ಅಜಗಜಾಂತರ ಎಂದರು ಅವರು. ಇನ್ನೊಂದು ಬದಿಯಲ್ಲಿ ಮತದಾನದ ಹಕ್ಕಿನ ಸಂಘಟನೆಗಳ ದೂರೂ ನ್ಯಾಯವಾದದ್ದೇ: ಮಾತಿಗೆ ಬೆಲೆ ಇದ್ದಾಗ ನೀವು ಎಲ್ಲಿದ್ದಿರಿ? ಹೀಗೆ ಎದುರಾಳಿಗಳಿಬ್ಬರೂ ಒಂದೇ ಕಂಪನಿಯಿಂದ ಮೋಸಹೋದೆವೆಂದು ಭಾವಿಸಿದರು. ಖಾಸಗಿ ಮಾತುಕತೆಯಿಂದ ಕಂಪನಿಗಳು ಏನನ್ನೂ ಸಾಧಿಸಿರಲಿಲ್ಲ ಎಂದಲ್ಲ. ಅತಿ ಕಠಿಣ ಅಂಶಗಳು ಬಿದ್ದುಹೋದದ್ದರಲ್ಲಿ ವ್ಯಾಪಾರ ವಲಯದ ಅಸಮಾಧಾನದ ಪಾಲೂ ಇದ್ದಿರಬಹುದು. ಆದರೆ ಮುಚ್ಚಿದ ಬಾಗಿಲ ಹಿಂದೆ ಗಳಿಸಿದ್ದನ್ನು ಯಾರಿಗೂ ತೋರಿಸುವಂತಿರಲಿಲ್ಲ. ತೋರಿಸಲು ಹೋದಾಗ ಅದು ಕಾನೂನಿನ ಹೊಗಳಿಕೆಯಾಗಿ ಕೇಳಿಸಿತು.

ಶಾಸಕರ ಪ್ರತಿಕ್ರಿಯೆ ತಡವಾಗಲಿಲ್ಲ. ಬ್ಯಾಸ್ಟಿಯನ್ ಪತ್ರ ಹೊರಬಿದ್ದ ದಿನವೇ, ಅಧಿವೇಶನದ ಕೊನೆಯ ಗಂಟೆಗಳಲ್ಲಿ, ವಿಮಾನ ಇಂಧನದ ಮೇಲಿನ ತೆರಿಗೆ ವಿನಾಯಿತಿಯನ್ನು ರದ್ದುಗೊಳಿಸುವ ಪ್ರಸ್ತಾವಕ್ಕೆ ಕೆಳಮನೆ ಒಪ್ಪಿಗೆ ಕೊಟ್ಟಿತು. ಸೆನೆಟ್ ಅದನ್ನು ಕೈಗೆತ್ತಿಕೊಳ್ಳದ ಕಾರಣ ಅದು ಅಲ್ಲಿಗೇ ನಿಂತಿತು. ಆದರೂ ಸಂದೇಶ ತಲುಪಬೇಕಾದವರಿಗೆ ತಲುಪಿತ್ತು. ಸಭಾಧ್ಯಕ್ಷ ಡೇವಿಡ್ ರಾಲ್ಸ್ಟನ್ ಸುದ್ದಿಗಾರರ ಮುಂದೆ, ಕೈ ಕಚ್ಚುವ ನಾಯಿಗೆ ಯಾರೂ ಅನ್ನ ಹಾಕುವುದಿಲ್ಲ ಎಂಬರ್ಥದಲ್ಲಿ ಮಾತನಾಡಿದರು. ಕೆಲವು ರಿಪಬ್ಲಿಕನ್ ಶಾಸಕರು ತಮ್ಮ ಕಚೇರಿಗಳಿಂದ ಕೋಕಾ-ಕೋಲಾ ಉತ್ಪನ್ನಗಳನ್ನು ತೆಗೆದುಕೊಂಡು ಹೋಗುವಂತೆ ಪತ್ರ ಬರೆದರು. ಟ್ರಂಪ್ ಹಲವು ಕಂಪನಿಗಳ ಹೆಸರು ಹೇಳಿ ಬಹಿಷ್ಕಾರಕ್ಕೆ ಕರೆ ಕೊಟ್ಟರು. ಎಡದಿಂದ ಆರಂಭವಾದ ಬಹಿಷ್ಕಾರದ ಕೂಗು ವಾರ ಕಳೆಯುವುದರೊಳಗೆ ಬಲದಿಂದಲೂ ಕೇಳಿಬಂತು.

ಡೆಲ್ಟಾಗೆ ಇದು ಮೊದಲ ಅನುಭವವಲ್ಲ ಎಂಬುದನ್ನು ಇಲ್ಲಿ ನೆನಪಿಸಬೇಕು. 2018ರ ಫೆಬ್ರವರಿಯಲ್ಲಿ ಫ್ಲೋರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಗುಂಡಿನ ದಾಳಿ ನಡೆದ ನಂತರ, ಬಂದೂಕು ಪರ ಸಂಘಟನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಶನ್‌ನ ಸದಸ್ಯರಿಗೆ ಕೊಡುತ್ತಿದ್ದ ಟಿಕೆಟ್ ರಿಯಾಯಿತಿಯನ್ನು ಡೆಲ್ಟಾ ನಿಲ್ಲಿಸಿತು. ಆ ರಿಯಾಯಿತಿಯಲ್ಲಿ ಮಾರಾಟವಾಗಿದ್ದ ಟಿಕೆಟ್‌ಗಳು ಬರೀ ಹದಿಮೂರು. ಜಾರ್ಜಿಯಾ ಶಾಸನಸಭೆ ಆಗ ಪರಿಶೀಲನೆಯಲ್ಲಿದ್ದ ತೆರಿಗೆ ಮಸೂದೆಯಿಂದ ಇದೇ ಇಂಧನ ತೆರಿಗೆ ವಿನಾಯಿತಿಯನ್ನು ಕಿತ್ತುಹಾಕಿತು. ವಿನಾಯಿತಿ ಮರಳಿದ್ದು ಅದೇ ಬೇಸಿಗೆಯಲ್ಲಿ, ಆಗಿನ ಗವರ್ನರ್ ನೇಥನ್ ಡೀಲ್ ಅವರ ಆದೇಶದಿಂದ. 2021ರ ಮಾರ್ಚ್ ತಿಂಗಳ ಎಚ್ಚರಿಕೆಯ, ತೂಗಿ ಆಡಿದ ಮಾತುಗಳ ಹಿಂದೆ ಈ ನೆನಪು ಇದ್ದಿರಲೇಬೇಕು. ಸರ್ಕಾರದಿಂದ ತೆರಿಗೆ ವಿನಾಯಿತಿ ಪಡೆಯುವ ಕಂಪನಿ ‘ರಾಜಕೀಯದಿಂದ ದೂರ’ ಇದೆ ಎಂದು ಹೇಳುವುದು ಹೇಗೆ? ಆ ವಿನಾಯಿತಿಯೇ ರಾಜಕೀಯದ ಫಲ. ಅದನ್ನು ಉಳಿಸಿಕೊಳ್ಳಲು ಪ್ರತಿ ಅಧಿವೇಶನದಲ್ಲೂ ಲಾಬಿ ಮಾಡಬೇಕು, ಶಾಸಕರ ಸ್ನೇಹ ಬೇಕು, ದೇಣಿಗೆ ಕೊಡಬೇಕು.

ಹಣಕ್ಕೆ ಸ್ವಾಗತ, ಮಾತಿಗೆ ತಡೆ

ಏಪ್ರಿಲ್ ಮೊದಲ ವಾರದಲ್ಲಿ ಅಮೆರಿಕದ ಸಂಸತ್ತಿನ ಸೆನೆಟ್‌ನಲ್ಲಿ ಆಗ ರಿಪಬ್ಲಿಕನ್ ನಾಯಕರಾಗಿದ್ದ ಮಿಚ್ ಮೆಕಾನೆಲ್ ಕಂಪನಿಗಳಿಗೆ ಗಂಭೀರ ಪರಿಣಾಮಗಳ ಎಚ್ಚರಿಕೆ ಕೊಟ್ಟರು. ಮರುದಿನ, ಕಂಪನಿಗಳ ಮುಖ್ಯಸ್ಥರು ರಾಜಕೀಯದಿಂದ ದೂರವಿರಲಿ ಎಂಬುದು ತಮ್ಮ ಸಲಹೆ ಎಂದರು. ತಾವು ದೇಣಿಗೆಗಳ ಬಗ್ಗೆ ಹೇಳುತ್ತಿಲ್ಲ ಎಂದೂ ಕೂಡಲೇ ಸ್ಪಷ್ಟಪಡಿಸಿದರು. ಅದರ ಮರುದಿನ, ತಮ್ಮ ಮಾತು ಸರಿಯಾದ ರೀತಿಯಲ್ಲಿ ಬರಲಿಲ್ಲ, ರಾಜಕೀಯದಲ್ಲಿ ತೊಡಗುವ ಹಕ್ಕು ಕಂಪನಿಗಳಿಗೂ ಇದೆ ಎಂದು ತಿದ್ದಿಕೊಂಡರು. ಮೂರು ದಿನಗಳ ಈ ಮಾತುಗಳನ್ನು ಅನೇಕರು ನಗೆಯ ವಸ್ತುವಾಗಿ ನೋಡಿದರು. ನನಗೆ ಅದು ಈ ಪ್ರಕರಣದ ಅತ್ಯಂತ ಪ್ರಾಮಾಣಿಕ ಘಳಿಗೆಯಾಗಿ ಕಾಣುತ್ತದೆ, ಏಕೆಂದರೆ ಸಾಮಾನ್ಯವಾಗಿ ಯಾರೂ ಬಾಯಿಬಿಟ್ಟು ಹೇಳದ ಒಪ್ಪಂದವನ್ನು ಅದು ಹೊರಗೆ ತಂದಿತು: ಹಣ ಬರಲಿ, ಧ್ವನಿ ಬೇಡ.

ಅಮೆರಿಕದ ಕಾನೂನಿನಲ್ಲಿ ಈ ಒಪ್ಪಂದಕ್ಕೆ ಉದ್ದನೆಯ ಇತಿಹಾಸವಿದೆ. 1907ರ ಟಿಲ್ಮನ್ ಕಾಯ್ದೆ ಒಕ್ಕೂಟ ಮಟ್ಟದ ಅಭ್ಯರ್ಥಿಗಳಿಗೆ ಕಂಪನಿಗಳು ತಮ್ಮ ಖಜಾನೆಯಿಂದ ನೇರ ದೇಣಿಗೆ ಕೊಡುವುದನ್ನು ನಿಷೇಧಿಸಿತು. ಆ ನಿಷೇಧ ಇಂದಿಗೂ ಇದೆ. ನೌಕರರು ಮತ್ತು ಅಧಿಕಾರಿಗಳಿಂದ ಸ್ವಯಂಪ್ರೇರಿತವಾಗಿ ಸಂಗ್ರಹಿಸಿದ ಹಣವನ್ನು ‘ಪ್ಯಾಕ್’ ಎಂದು ಕರೆಯುವ ರಾಜಕೀಯ ಕ್ರಿಯಾ ಸಮಿತಿಗಳ ಮೂಲಕ, ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 5,000 ಡಾಲರ್‌ವರೆಗೆ ಕೊಡಬಹುದು. 2010ರ ಜನವರಿಯಲ್ಲಿ ‘ಸಿಟಿಜನ್ಸ್ ಯುನೈಟೆಡ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ, ಅಭ್ಯರ್ಥಿಗಳಿಂದ ಸ್ವತಂತ್ರವಾಗಿ ಮಾಡುವ ಚುನಾವಣಾ ವೆಚ್ಚಕ್ಕೆ ಕಂಪನಿಗಳ ಮೇಲೆ ಮಿತಿ ಹೇರುವಂತಿಲ್ಲ ಎಂದಿತು. ಅಂಥ ವೆಚ್ಚವೂ ಸಂವಿಧಾನ ರಕ್ಷಿಸುವ ಅಭಿವ್ಯಕ್ತಿಯೇ ಎಂಬುದು ಆ ತೀರ್ಪಿನ ತರ್ಕ. ಹಣ ಖರ್ಚು ಮಾಡುವುದನ್ನು ಮಾತು ಎಂದು ಒಪ್ಪುವುದಾದರೆ, ಮಾತನ್ನು ಮಾತು ಎಂದು ಒಪ್ಪಲು ತಕರಾರು ಇರಬಾರದು.

2021ರ ಜನವರಿ 6ರ ನಂತರ, ಅಧ್ಯಕ್ಷೀಯ ಫಲಿತಾಂಶವನ್ನು ದೃಢೀಕರಿಸಲು ಆಕ್ಷೇಪಿಸಿದ್ದ 147 ಸಂಸದರಿಗೆ ಅಥವಾ ಒಟ್ಟಾರೆ ಎಲ್ಲರಿಗೂ ದೇಣಿಗೆ ನಿಲ್ಲಿಸುವುದಾಗಿ ಹಲವು ದೊಡ್ಡ ಕಂಪನಿಗಳು ಘೋಷಿಸಿದ್ದವು. ಅದರಿಂದ ಜನರ ನಿರೀಕ್ಷೆ ಏರಿತ್ತು. ಜಾರ್ಜಿಯಾದ ಮಸೂದೆಯನ್ನು ಬೆಂಬಲಿಸಿದ ಶಾಸಕರಿಗೆ ಹಿಂದಿನ ವರ್ಷಗಳಲ್ಲಿ ಯಾವ ಕಂಪನಿ ಎಷ್ಟು ಕೊಟ್ಟಿತ್ತು ಎಂಬ ಪಟ್ಟಿಗಳು ಮಾರ್ಚ್‌ನಲ್ಲಿ ಪ್ರಕಟವಾಗತೊಡಗಿದಾಗ, ಮೌಲ್ಯಗಳ ಮಾತಿನ ಪಕ್ಕದಲ್ಲೇ ದೇಣಿಗೆಯ ಲೆಕ್ಕವೂ ಕಾಣಿಸಿತು. ಇವೆರಡನ್ನೂ ಕಂಪನಿಯ ಬೇರೆ ಬೇರೆ ವಿಭಾಗಗಳು ನೋಡಿಕೊಳ್ಳುತ್ತವೆ. ದೇಣಿಗೆ ಸರ್ಕಾರಿ ವ್ಯವಹಾರಗಳ ವಿಭಾಗದ ಕೆಲಸ, ಮೌಲ್ಯಗಳ ಹೇಳಿಕೆ ಸಂವಹನ ವಿಭಾಗದ ಕೆಲಸ. ಒಳಗಿನವರಿಗೆ ಇದು ಸಹಜವಾಗಿ ಕಾಣುತ್ತದೆ. ಹೊರಗಿನವರಿಗೆ ಕಾಣುವುದು ಒಂದೇ ಹೆಸರು.

ಏಪ್ರಿಲ್ 14ರಂದು ಶೆನಾಲ್ಟ್ ಮತ್ತು ಫ್ರೇಜಿಯರ್ ಸಿದ್ಧಪಡಿಸಿದ ಇನ್ನೊಂದು ಹೇಳಿಕೆ ದೊಡ್ಡ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಅಮೆಜಾನ್, ಗೂಗಲ್, ಜನರಲ್ ಮೋಟರ್ಸ್, ಸ್ಟಾರ್‌ಬಕ್ಸ್‌ನಂಥ ಕಂಪನಿಗಳೂ ವಾರನ್ ಬಫೆಟ್ ಅವರಂಥ ವ್ಯಕ್ತಿಗಳೂ ಸೇರಿ ನೂರಾರು ಹೆಸರುಗಳು ಅದರಲ್ಲಿದ್ದವು. ಯಾವ ರಾಜ್ಯದ ಹೆಸರನ್ನೂ ಅದು ಹೇಳಲಿಲ್ಲ. ಎರಡು ವಾರಗಳ ಹಿಂದೆ ಎಲ್ಲರಿಗಿಂತ ಗಟ್ಟಿಯಾಗಿ ಮಾತನಾಡಿದ್ದ ಡೆಲ್ಟಾ ಮತ್ತು ಕೋಕಾ-ಕೋಲಾ ಅದಕ್ಕೆ ಸಹಿ ಹಾಕಲಿಲ್ಲ. ವಾಲ್‌ಮಾರ್ಟ್ ಮುಖ್ಯಸ್ಥ ಡಗ್ ಮೆಕ್‌ಮಿಲನ್ ತಮ್ಮ ಕಂಪನಿ ಪಕ್ಷ ರಾಜಕಾರಣದಲ್ಲಿ ಇಲ್ಲ ಎಂದು ನೌಕರರಿಗೆ ತಿಳಿಸಿ ದೂರ ಉಳಿದರು. ಹೋಮ್ ಡಿಪೋ ಕೂಡ ಸ್ಪಷ್ಟ ನಿಲುವು ತಳೆಯಲಿಲ್ಲ, ಮತ್ತು ಬಿಷಪ್ ಜಾಕ್ಸನ್ ಅವರ ಬಹಿಷ್ಕಾರದ ಕರೆ ಈಗ ಅದರತ್ತ ತಿರುಗಿತು. ಮಾತನಾಡಿದವರಿಗೂ ಸುಮ್ಮನಿದ್ದವರಿಗೂ ಬಹಿಷ್ಕಾರದ ಬಿಸಿ ತಟ್ಟಿತು ಎಂಬುದನ್ನು ನೋಡಿದರೆ, ಮೌನವೇ ಸುರಕ್ಷಿತ ಎಂಬ ಲೆಕ್ಕಾಚಾರ ಕನಿಷ್ಠ ಆ ತಿಂಗಳಲ್ಲಿ ಫಲಿಸಲಿಲ್ಲ.

ಹೆಸರಿನ ಕೆಳಗೆ ಹುದ್ದೆ ಇರುವ ಜಾಗ

ಇಂಥ ಹೇಳಿಕೆಗಳು ಪತ್ರಿಕೆಗಳಲ್ಲಿ ಮುಗಿಯುವುದಿಲ್ಲ. ಅವುಗಳ ಮುಂದಿನ ಬದುಕು ಹೆಚ್ಚಾಗಿ ಲಿಂಕ್ಡ್‌ಇನ್‌ನಂಥ ವೃತ್ತಿಪರ ಜಾಲತಾಣಗಳಲ್ಲಿ ನಡೆಯುತ್ತದೆ. ಮುಖ್ಯಸ್ಥರ ಮಾತನ್ನು ಅಧಿಕಾರಿಗಳು ಹಂಚಿಕೊಳ್ಳುತ್ತಾರೆ, ನೌಕರರು ಮೆಚ್ಚುಗೆ ಒತ್ತುತ್ತಾರೆ, ಕೆಳಗೆ ಯಾರೋ ಒಬ್ಬರು ‘ಇದು ಫೇಸ್‌ಬುಕ್ ಅಲ್ಲ, ಇಲ್ಲಿ ರಾಜಕೀಯ ಬೇಡ’ ಎಂದು ಬರೆಯುತ್ತಾರೆ. 2003ರಲ್ಲಿ ಆರಂಭವಾಗಿ, 2016ರಲ್ಲಿ 26.2 ಶತಕೋಟಿ ಡಾಲರ್‌ಗೆ ಮೈಕ್ರೋಸಾಫ್ಟ್‌ ಪಾಲಾದ ಲಿಂಕ್ಡ್‌ಇನ್ ರಾಜಕೀಯ ಜಾಹೀರಾತುಗಳನ್ನು ಸ್ವೀಕರಿಸುವುದಿಲ್ಲ. 2022ರಲ್ಲಿ ಅಮೆರಿಕದ ಬಳಕೆದಾರರಿಗೆ ರಾಜಕೀಯ ವಿಷಯಗಳನ್ನು ಕಡಿಮೆ ತೋರಿಸುವ ಆಯ್ಕೆಯನ್ನು ಅದು ಪರೀಕ್ಷಿಸಿತು. ಪಕ್ಷಗಳು, ಅಭ್ಯರ್ಥಿಗಳು, ಚುನಾವಣೆಯ ಫಲಿತಾಂಶಗಳಂಥವು ಆ ಆಯ್ಕೆಯ ವ್ಯಾಪ್ತಿಯಲ್ಲಿದ್ದವು.

ಈ ವ್ಯಾಖ್ಯೆಯನ್ನು ಜಾರ್ಜಿಯಾ ಪ್ರಕರಣಕ್ಕೆ ಹಚ್ಚಿ ನೋಡಿದರೆ ತೊಡಕು ತಿಳಿಯುತ್ತದೆ. ಬ್ಯಾಸ್ಟಿಯನ್ ಪತ್ರದ ಮುಖ್ಯ ವಿಷಯ ಪಕ್ಷವೂ ಅಲ್ಲ, ಅಭ್ಯರ್ಥಿಯೂ ಅಲ್ಲ. ಒಂದು ಕಾನೂನು ಮತ್ತು ಕಂಪನಿಯ ಮೌಲ್ಯ. ಅದನ್ನು ‘ನಾಯಕತ್ವ’ ಎಂಬ ಹೆಸರಿನಲ್ಲಿ ಹಂಚಿಕೊಳ್ಳಲು ಅಡ್ಡಿಯಿಲ್ಲ. ಅದೇ ಕಾನೂನಿನಿಂದ ತನ್ನ ತಾಯಿ ಎಷ್ಟು ಹೊತ್ತು ಸರದಿಯಲ್ಲಿ ನಿಲ್ಲಬೇಕಾದೀತು, ಇದಕ್ಕೆ ಯಾವ ಪಕ್ಷ ಹೊಣೆ ಎಂದು ಸಾಮಾನು ಸಾಗಿಸುವ ವಿಭಾಗದ ನೌಕರನೊಬ್ಬ ಬರೆದರೆ ಅದು ರಾಜಕೀಯವಾಗುತ್ತದೆ. ಇನ್ನೊಂದು ಕಲ್ಪನೆ ಮಾಡಿಕೊಳ್ಳೋಣ: ಡೆಲ್ಟಾದ ನೌಕರರೊಬ್ಬರು ಮಾರ್ಚ್ 20ರಂದೇ ಈ ಮಸೂದೆ ಸುಳ್ಳಿನ ಮೇಲೆ ನಿಂತಿದೆ ಎಂದು ತಮ್ಮ ಹೆಸರು, ಹುದ್ದೆ, ಕಂಪನಿ ಕಾಣುವ ಜಾಗದಲ್ಲಿ ಬರೆದಿದ್ದರೆ, ಮೇಲಧಿಕಾರಿಗಳು ಅದನ್ನು ಕಂಪನಿಯ ಹೆಸರಿಗೆ ಕುಂದು ತರುವ ವರ್ತನೆಯಾಗಿ ನೋಡುವ ಸಾಧ್ಯತೆ ಇತ್ತು. ಹನ್ನೊಂದು ದಿನಗಳ ನಂತರ ಆ ವಾಕ್ಯವೇ ಕಂಪನಿಯ ಅಧಿಕೃತ ನಿಲುವಾಯಿತು. ಯಾವ ಮಾತು ರಾಜಕೀಯ, ಯಾವ ಮಾತು ಮೌಲ್ಯ ಎಂಬುದನ್ನು ಮಾತಿನ ವಿಷಯ ತೀರ್ಮಾನಿಸಲಿಲ್ಲ. ಆಡಿದವರ ಸ್ಥಾನ ತೀರ್ಮಾನಿಸಿತು.

ಖಾಸಗಿ ಕಂಪನಿಯ ನೌಕರರಿಗೆ ಇಲ್ಲಿ ಕಾನೂನಿನ ರಕ್ಷಣೆ ತೆಳುವಾಗಿದೆ. ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುವ ಸಂವಿಧಾನದ ಮೊದಲ ತಿದ್ದುಪಡಿ ಸರ್ಕಾರವನ್ನು ಕಟ್ಟಿಹಾಕುತ್ತದೆ, ಖಾಸಗಿ ಮಾಲೀಕರನ್ನಲ್ಲ. 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಕಾಯ್ದೆಯು ಕೂಲಿ, ಕೆಲಸದ ಸ್ಥಿತಿಗತಿಗಳ ಬಗ್ಗೆ ನೌಕರರು ಒಟ್ಟಾಗಿ ಆಡುವ ಮಾತನ್ನು ಕಾಯುತ್ತದೆ. ಮತದಾನದ ಕಾನೂನು ಅದರ ವ್ಯಾಪ್ತಿಗೆ ಸುಲಭವಾಗಿ ಬರುವುದಿಲ್ಲ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ರಾಜ್ಯಗಳು ನೌಕರರ ರಾಜಕೀಯ ಚಟುವಟಿಕೆಯನ್ನು ರಕ್ಷಿಸುವ ಕಾನೂನು ಮಾಡಿವೆ. ಎಲ್ಲ ರಾಜ್ಯಗಳಲ್ಲೂ ಅಂಥದ್ದಿಲ್ಲ. ವೃತ್ತಿಪರ ಜಾಲತಾಣದ ರಚನೆಯೇ ಈ ಅಂತರವನ್ನು ಹೆಚ್ಚಿಸುತ್ತದೆ. ಅಲ್ಲಿ ಓದುಗರೆಂದರೆ ಈಗಿನ ಮೇಲಧಿಕಾರಿ, ನಾಳಿನ ಮೇಲಧಿಕಾರಿ, ಗ್ರಾಹಕ, ನೇಮಕಾತಿ ಮಾಡುವವರು. ‘ಇಲ್ಲಿ ರಾಜಕೀಯ ಬೇಡ’ ಎಂಬ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಕೆಲಸ ಹುಡುಕಲು ಬಂದವರಿಗೆ ಪಕ್ಷಗಳ ಜಗಳ ನೋಡುವ ಹಂಗು ಇರಬಾರದು ಎಂಬುದರಲ್ಲಿ ನ್ಯಾಯವಿದೆ. ಆದರೆ ಆ ನಿಯಮ ಮೇಲಿನವರ ಹೇಳಿಕೆಗಳಿಗೆ ದಾರಿ ಬಿಟ್ಟು ಕೆಳಗಿನವರ ಅನುಭವಕ್ಕೆ ಮಾತ್ರ ಅನ್ವಯಿಸಿದರೆ, ಅದನ್ನು ತಟಸ್ಥ ನಿಯಮ ಎನ್ನಲಾಗದು.

ನಂತರ ಆದದ್ದು

ಏಪ್ರಿಲ್ 2ರಂದು ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ ತನ್ನ ಆ ವರ್ಷದ ಆಲ್-ಸ್ಟಾರ್ ಪಂದ್ಯವನ್ನು ಅಟ್ಲಾಂಟಾ ಹೊರವಲಯದ ಟ್ರುಯಿಸ್ಟ್ ಪಾರ್ಕ್‌ನಿಂದ ತೆಗೆದು, ನಂತರ ಡೆನ್ವರ್‌ಗೆ ಕೊಟ್ಟಿತು. ಹಣಕಾಸಿನ ನೇರ ಪೆಟ್ಟು ಕೊಟ್ಟ ಕ್ರಮ ಇದು, ಮತ್ತು ಪೆಟ್ಟು ಬಿದ್ದದ್ದು ಕಾನೂನು ಮಾಡಿದವರಿಗಲ್ಲ. ಕ್ರೀಡಾಂಗಣ ಇರುವ ಕಾಬ್ ಕೌಂಟಿ ಬೈಡನ್‌ಗೆ ಮತ ಹಾಕಿತ್ತು. ನಷ್ಟ ಹೊತ್ತವರು ಅಲ್ಲಿನ ಹೋಟೆಲ್‌ ನೌಕರರು ಮತ್ತು ಸಣ್ಣ ವ್ಯಾಪಾರಿಗಳು. ಕಾನೂನನ್ನು ಕಟುವಾಗಿ ವಿರೋಧಿಸಿದ್ದ ಜಾರ್ಜಿಯಾದ ಡೆಮಾಕ್ರಟಿಕ್ ನಾಯಕಿ ಸ್ಟೇಸಿ ಏಬ್ರಮ್ಸ್ ಅವರೇ ಪಂದ್ಯ ಹೋದದ್ದಕ್ಕೆ ಬೇಸರ ವ್ಯಕ್ತಪಡಿಸಿದರು. 2025ರ ಜುಲೈನಲ್ಲಿ ಆಲ್-ಸ್ಟಾರ್ ಪಂದ್ಯ ಅದೇ ಕ್ರೀಡಾಂಗಣಕ್ಕೆ ಮರಳಿತು. ಆಗಲೂ ಕಾನೂನು ಜಾರಿಯಲ್ಲೇ ಇತ್ತು.

2022ರ ಚುನಾವಣೆಯಲ್ಲಿ ಜಾರ್ಜಿಯಾದ ಮುಂಗಡ ಮತದಾನ, ಅಧ್ಯಕ್ಷೀಯ ಚುನಾವಣೆ ಇಲ್ಲದ ವರ್ಷಗಳ ಮಟ್ಟಿಗೆ, ಹೊಸ ದಾಖಲೆ ಬರೆಯಿತು. ಕೆಂಪ್ ಮರು ಆಯ್ಕೆಯಾದರು. ನಾಲ್ಕು ವಾರಗಳ ಎರಡನೇ ಸುತ್ತಿನಲ್ಲಿ ವಾರ್ನಾಕ್ ಕೂಡ ಗೆದ್ದರು. ಕಂಪನಿಗಳು ಹುಯಿಲೆಬ್ಬಿಸಿದ್ದು ವೃಥಾ ಎಂಬುದಕ್ಕೆ ಕಾನೂನಿನ ಸಮರ್ಥಕರು ಇದನ್ನು ಸಾಕ್ಷಿಯಾಗಿ ತೋರಿಸುತ್ತಾರೆ. ಅಡೆತಡೆಗಳನ್ನು ದಾಟಲು ಸಂಘಟನೆಗಳು ದುಪ್ಪಟ್ಟು ದುಡಿದದ್ದರಿಂದ ಹಾಗಾಯಿತು ಎಂಬುದು ವಿರೋಧಿಗಳ ಉತ್ತರ. ಒಟ್ಟು ಮತದಾನದ ಅಂಕಿಯಿಂದ ಈ ವಾದವನ್ನು ತೀರಿಸಲು ಬರುವುದಿಲ್ಲ. ಆದರೆ 2021ರಲ್ಲಿ ಬಳಕೆಯಾದ ಕೆಲವು ಅತಿರೇಕದ ವರ್ಣನೆಗಳನ್ನು ಆ ಅಂಕಿ ಬೆಂಬಲಿಸುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ಒಕ್ಕೂಟದ ನ್ಯಾಯ ಇಲಾಖೆ 2021ರ ಜೂನ್‌ನಲ್ಲಿ ರಾಜ್ಯದ ವಿರುದ್ಧ ಮೊಕದ್ದಮೆ ಹೂಡಿತು. 2023ರ ಆಗಸ್ಟ್‌ನಲ್ಲಿ ನ್ಯಾಯಾಧೀಶರೊಬ್ಬರು, ಮತಗಟ್ಟೆಯಿಂದ 150 ಅಡಿಗಿಂತ ದೂರದಲ್ಲಿ ಸರದಿಯಲ್ಲಿ ನಿಂತವರಿಗೆ ಆಹಾರ, ನೀರು ಕೊಟ್ಟವರನ್ನು ಶಿಕ್ಷಿಸುವ ಅಂಶಕ್ಕೆ ತಾತ್ಕಾಲಿಕ ತಡೆ ಕೊಟ್ಟರು. ಅಧ್ಯಕ್ಷರು ಬದಲಾದ ಮೇಲೆ, 2025ರ ಮಾರ್ಚ್ 31ರಂದು, ನ್ಯಾಯ ಇಲಾಖೆ ತನ್ನ ಮೊಕದ್ದಮೆಯನ್ನು ಕೈಬಿಡುವಂತೆ ಆದೇಶವಾಯಿತು.

ಬೇರೆ ದಾರಿ ಇತ್ತೇ

ಇತ್ತು ಎಂದು ನಾನು ನಂಬುತ್ತೇನೆ, ಮತ್ತು ಅದು ಹೆಚ್ಚು ಧೈರ್ಯ ಬೇಡುವ ದಾರಿಯೇನೂ ಆಗಿರಲಿಲ್ಲ. ಮಾರ್ಚ್ ಮೊದಲ ವಾರದಲ್ಲಿ, ಅಂಚೆ ಮತವನ್ನು ಕಿತ್ತುಕೊಳ್ಳುವ ಪ್ರಸ್ತಾವ ಸೆನೆಟ್ ಮುಂದಿದ್ದಾಗ, ‘ಈ ಅಂಶವನ್ನು ನಾವು ಒಪ್ಪುವುದಿಲ್ಲ, ಈ ಕಾರಣಕ್ಕೆ’ ಎಂದು ಕಂಪನಿಗಳು ತಮ್ಮದೇ ಹೆಸರಿನಲ್ಲಿ ಹೇಳಬಹುದಿತ್ತು. ಹಾಗೆ ಹೇಳಿದ್ದರೆ ಅಂತಿಮ ಮಸೂದೆಯಲ್ಲಿ ಆ ಅಂಶ ಬಿದ್ದುಹೋದದ್ದನ್ನು ಗಳಿಕೆಯೆಂದು ತೋರಿಸಬಹುದಿತ್ತು. ಉಳಿದ ಅಂಶಗಳಿಗೆ ವಿರೋಧ ಮುಂದುವರಿಸಿದರೂ ಗವರ್ನರ್ ಕಚೇರಿಗೆ ಅದು ಅನಿರೀಕ್ಷಿತವಾಗುತ್ತಿರಲಿಲ್ಲ. ಮಸೂದೆ ಕೊನೆಯ ದಿನಗಳಲ್ಲಿ ಒಮ್ಮೆಲೇ ಬೆಳೆದದ್ದರಿಂದ ಪೂರ್ತಿ ಓದಲು ಸಮಯ ಸಿಗಲಿಲ್ಲ ಎಂಬ ವಾದದಲ್ಲಿ ಸ್ವಲ್ಪ ಹುರುಳಿದೆ. ಆದರೆ ಶಾಸನಸಭೆಯಲ್ಲಿ ಪೂರ್ಣಾವಧಿ ಲಾಬಿಗಾರರನ್ನು ಇಟ್ಟುಕೊಂಡ ಕಂಪನಿಗಳು ಬಹಳ ಹೊತ್ತು ಅದರ ಹಿಂದೆ ನಿಲ್ಲಲಾರವು.

ದೇಣಿಗೆಯ ವಿಷಯದಲ್ಲಿ ಬೇಕಾದದ್ದು ಇನ್ನೂ ಸರಳ. ಯಾವ ಮಸೂದೆಯ ಬಗ್ಗೆ ಕಂಪನಿ ಬಹಿರಂಗವಾಗಿ ಮಾತನಾಡುತ್ತದೆಯೋ ಆ ಮಸೂದೆಯ ಪ್ರಾಯೋಜಕರಿಗೆ ತಾನು ಕೊಟ್ಟ ಹಣದ ವಿವರವನ್ನು ಆ ಹೇಳಿಕೆಯ ಜತೆಗೇ ಪ್ರಕಟಿಸಬೇಕು. ಹಾಗೆ ಮಾಡಬೇಕಾಗಿ ಬಂದರೆ ಹೇಳಿಕೆಗಳ ಸಂಖ್ಯೆ ಕಡಿಮೆಯಾದೀತು. ಉಳಿದವುಗಳ ಮೇಲೆ ನಂಬಿಕೆ ಹುಟ್ಟೀತು. ಜಾಲತಾಣದಲ್ಲಿ ಬರೆಯುವ ನೌಕರರಿಗೆ ಕಂಪನಿ ಕೊಡಬೇಕಾದದ್ದು ಲಿಖಿತ ನಿಯಮ: ನಿಮ್ಮ ಹೆಸರಿನ ಕೆಳಗೆ ನಮ್ಮ ಹೆಸರು ಕಾಣಿಸಿದ ಮಾತ್ರಕ್ಕೆ ನಿಮ್ಮ ಮಾತನ್ನು ನಮ್ಮ ಮಾತೆಂದು ನಾವು ಎಣಿಸುವುದಿಲ್ಲ, ನಿಂದನೆ, ಬೆದರಿಕೆ, ಗುಟ್ಟು ಬಿಟ್ಟುಕೊಡುವುದು ಇಷ್ಟಕ್ಕೆ ಕ್ರಮ ಕೈಗೊಳ್ಳುತ್ತೇವೆ, ನಿಲುವಿಗೆ ಅಲ್ಲ, ಈ ನಿಯಮ ಮುಖ್ಯಸ್ಥರಿಂದ ಹಿಡಿದು ಸಾಮಾನು ಎತ್ತುವವರವರೆಗೆ ಒಂದೇ. ಡೆಲ್ಟಾದ ಕಪ್ಪು ನೌಕರರು ಮಸೂದೆಯ ಬಗ್ಗೆ ಏನು ಭಾವಿಸಿದ್ದಾರೆ ಎಂಬುದನ್ನು ಬ್ಯಾಸ್ಟಿಯನ್ ತಮ್ಮ ಪತ್ರದಲ್ಲಿ ಕಾರಣವಾಗಿ ಉಲ್ಲೇಖಿಸಿದರು. ಅಂಥ ನಿಯಮವೊಂದು ಇದ್ದಿದ್ದರೆ ಆ ಅಭಿಪ್ರಾಯ ಅವರನ್ನು ಮಾರ್ಚ್ 25ರ ಮೊದಲೇ ತಲುಪುವ ಸಾಧ್ಯತೆ ಇತ್ತು, ಶಾಸನಸಭೆ ಇನ್ನೂ ತಿದ್ದುಪಡಿಗಳನ್ನು ಕೇಳುತ್ತಿದ್ದಾಗ.